ನ್ಯೂಜೆರ್ಸಿಯಿಂದ ಮಾಲೂರಿಗೆ ದುಡ್ಡು ಹೇಗೆ ಬರುತ್ತೆ?

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಹೆಸರು ಕೋಲಾರ ಜಿಲ್ಲೆಯಲ್ಲಿ ಓದ್ತಿರೋ ನಮಗೆಲ್ಲ ಗೊತ್ತಿರೋದೇ. ಊರಿಗೆ ಊರೇ ಕಲ್ಲು ಕೆತ್ತುವ ಕೆಲಸಕ್ಕೆ ಹೆಸರುವಾಸಿ. ಅಲ್ಲಿನ ಶಿಲ್ಪಿಗಳು ಕೃಷ್ಣಶಿಲೆಯಲ್ಲಿ ಕಡೆದ ವಿಗ್ರಹಗಳು ಹೊರದೇಶದ ದೇವಸ್ಥಾನಗಳಿಗೂ ಹೋಗಿವೆ. ಈಗಂತೂ ಒಂದು ಫೋಟೊ ಆನ್‌ಲೈನ್‌ನಲ್ಲಿ ಹಾಕಿದರೆ ನ್ಯೂಜೆರ್ಸಿಯಿಂದಲೂ "ರೇಟೆಷ್ಟು?" ಅಂತ ಮೆಸೇಜ್ ಬರಬಹುದು. ರೇಟು ಹೇಳೋದು ಸುಲಭ. ದುಡ್ಡು ತರಿಸಿಕೊಳ್ಳೋದು ಹೇಗೆ? ಅಂಗಡಿ ಮುಂದೆ ಅಂಟಿಸಿರೋ ಕ್ಯೂಆರ್ ಕೋಡ್, ಅಮೆರಿಕದ ಬ್ಯಾಂಕ್ ಅಕೌಂಟ್ ಮಾತ್ರ ಇರೋರಿಗೆ ಕೆಲಸಕ್ಕೆ ಬರಲ್ಲ.

ವಿಗ್ರಹವೇ ಆಗಬೇಕಿಲ್ಲ. ಹಾಸ್ಟೆಲ್ ರೂಮಿನಲ್ಲಿ ಕೂತು ಪಿಸಿಬಿ ಡಿಸೈನ್, ತ್ರೀಡಿ ಮಾಡೆಲ್, ವೆಬ್‌ಸೈಟ್ ಮಾಡಿಕೊಡೋ ನಮ್ಮಂಥವರಿಗೂ ಇದೇ ಪ್ರಶ್ನೆ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಒಂದು ಪುಟ್ಟ ಗಣಪತಿ ವಿಗ್ರಹ, ಬೆಲೆ 400 ಡಾಲರ್, ಕೊಳ್ಳುವವರು ಬ್ಯಾಂಕ್ ಟ್ರಾನ್ಸ್‌ಫರ್ ಮಾಡ್ತೀನಿ ಅಂತಾರೆ.

ಮೊದಲು ತಲೆಯಲ್ಲಿ ಕೂರಬೇಕಾದ ವಿಷಯ, ಆ 400 ಡಾಲರ್ ಮಾಲೂರಿಗೆ ಬರೋದೇ ಇಲ್ಲ. ಬರೋದು ಒಂದು ಮೆಸೇಜ್. ಅದನ್ನು ಹೊತ್ತು ತರೋ ಜಾಲವೇ ಸ್ವಿಫ್ಟ್. 1973ರಲ್ಲಿ 15 ದೇಶಗಳ 239 ಬ್ಯಾಂಕ್‌ಗಳು ಸೇರಿ ಬೆಲ್ಜಿಯಂನಲ್ಲಿ ಕಟ್ಟಿದ ಸಂಸ್ಥೆ ಅದು. ಇವತ್ತು 200ಕ್ಕೂ ಹೆಚ್ಚು ದೇಶಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ನಮ್ಮ ಬ್ಯಾಂಕ್ ಅಮೆರಿಕದ ಯಾವುದೋ ದೊಡ್ಡ ಬ್ಯಾಂಕಿನಲ್ಲಿ ಒಂದು ಡಾಲರ್ ಅಕೌಂಟ್ ಇಟ್ಟುಕೊಂಡಿರುತ್ತೆ. ಇದಕ್ಕೆ ನಾಸ್ಟ್ರೊ ಅಕೌಂಟ್ ಅಂತ ಹೆಸರು. ಕೊಳ್ಳುವವರ ಡಾಲರ್ ಆ ಅಕೌಂಟಿಗೆ ಸೇರುತ್ತೆ, "ಇಷ್ಟು ಬಂತು, ಇಂಥವರಿಗೆ ಕೊಡಿ" ಅಂತ ಮೆಸೇಜ್ ಇಲ್ಲಿಗೆ ಬರುತ್ತೆ, ನಮ್ಮ ಬ್ಯಾಂಕ್ ಇಲ್ಲಿ ರೂಪಾಯಿ ಕೊಡುತ್ತೆ. ನೆಟ್‌ವರ್ಕ್ಸ್ ಕ್ಲಾಸಿನ ಪ್ಯಾಕೆಟ್ ಥರಾನೇ, ದಾರಿಯಲ್ಲಿ ಒಂದೆರಡು ಹಾಪ್ ಇರುತ್ತೆ. ವ್ಯತ್ಯಾಸ ಏನಂದ್ರೆ ಇಲ್ಲಿ ಪ್ರತಿ ಹಾಪ್‌ನಲ್ಲೂ ಟೋಲ್ ಕಟ್ಟಬೇಕಾಗಬಹುದು!

ಆ ಟೋಲ್ ವಿಷಯ ಬೆಲೆ ಹೇಳೋ ಮುಂಚೆಯೇ ಮಾತಾಡಿಕೊಳ್ಳಬೇಕು. ಕಳಿಸುವವರ ಫಾರಂನಲ್ಲಿ ಮೂರು ಆಯ್ಕೆ ಇರುತ್ತೆ. 'ಅವರ್' ಅಂದ್ರೆ ಎಲ್ಲ ಖರ್ಚು ಕಳಿಸುವವರದು, 'ಬೆನ್' ಅಂದ್ರೆ ಎಲ್ಲ ನಮ್ಮದು, 'ಷಾ' ಅಂದ್ರೆ ಹಂಚಿಕೆ. ಷಾ ಅಂತ ಬಿಟ್ಟು, ಮಧ್ಯದ ಬ್ಯಾಂಕ್ 20 ಡಾಲರ್ ಹಿಡಿದುಕೊಂಡಿತು ಅಂದುಕೊಳ್ಳಿ. 380 ಉಳೀತು. ನಮ್ಮ ಬ್ಯಾಂಕ್ ಕೊಡೋ ರೇಟು ಗೂಗಲ್‌ನಲ್ಲಿ ಕಾಣೋ ರೇಟಿಗಿಂತ ಡಾಲರ್‌ಗೆ ಒಂದೇ ರೂಪಾಯಿ ಕಮ್ಮಿ ಅಂದ್ರೂ ಇನ್ನೊಂದು 380 ರೂಪಾಯಿ ಹೋಯ್ತು. ಆಮೇಲೆ ಬ್ಯಾಂಕಿನ ಚಾರ್ಜು, ಅದರ ಮೇಲೆ ಜಿಎಸ್‌ಟಿ. ಕಲ್ಲು, ಕೂಲಿ, ಪ್ಯಾಕಿಂಗ್ ಎಲ್ಲ ಕಳೆದು ಉಳಿಯೋ ಲಾಭದಲ್ಲೇ ಇದೆಲ್ಲ ಹೋಗೋದು. ಹಾಗಾಗಿ "ನನ್ನ ಅಕೌಂಟಿಗೆ ಪೂರ್ತಿ 400 ಬರಬೇಕು, ಅವರ್ ಹಾಕಿ" ಅಂತ ಇನ್‌ವಾಯ್ಸ್‌ನಲ್ಲೇ ಬರೆಯೋದು ಮೇಲು. 15 ಡಾಲರಿನ ಕೆಲಸಕ್ಕೆ ಈ ದಾರಿ ಬೇಡವೇ ಬೇಡ.

ಕೊಳ್ಳುವವರಿಗೆ ಕೊಡಬೇಕಾದ ವಿವರ ಸ್ವಲ್ಪವೇ: ಪಾಸ್‌ಬುಕ್‌ನಲ್ಲಿರೋ ಹಾಗೇ ಹೆಸರು, ಅಕೌಂಟ್ ನಂಬರ್, ಬ್ಯಾಂಕಿನ ಹೆಸರು-ವಿಳಾಸ, ಸ್ವಿಫ್ಟ್ ಕೋಡ್. ಐಎಫ್‌ಎಸ್‌ಸಿ ದೇಶದ ಒಳಗಿನ ಕೋಡ್, ಹೊರಗಿನವರಿಗೆ ಅದೊಂದೇ ಸಾಕಾಗಲ್ಲ. ಸ್ವಿಫ್ಟ್ ಕೋಡ್‌ನಲ್ಲಿ 8 ಅಥವಾ 11 ಅಕ್ಷರ ಇರುತ್ತೆ. ಮೊದಲ ನಾಲ್ಕು ಬ್ಯಾಂಕಿಗೆ, ಐದು-ಆರನೆಯದು ದೇಶಕ್ಕೆ. ನಮ್ಮದು ಐಎನ್. ತಾಲ್ಲೂಕಿನ ಎಷ್ಟೋ ಶಾಖೆಗಳಿಗೆ ಸ್ವಂತ ಸ್ವಿಫ್ಟ್ ಕೋಡ್ ಇರಲ್ಲ, ಗಾಬರಿ ಬೇಡ. ಯಾವ ಶಾಖೆಯ ಕೋಡ್ ಕೊಡಬೇಕು ಅಂತ ಮ್ಯಾನೇಜರ್ ಹತ್ರ ಕೇಳಿ ಬರೆದುಕೊಂಡರಾಯ್ತು. ಕೆಲವರು 'ಐಬ್ಯಾನ್' ಕೇಳ್ತಾರೆ. ಭಾರತದಲ್ಲಿ ಅದು ಇಲ್ಲ, ಹಾಗಂತಲೇ ಹೇಳಿ. ಓಟಿಪಿ, ಪಿನ್, ಕಾರ್ಡಿನ ಸಿವಿವಿ ದುಡ್ಡು ಪಡೆಯೋದಕ್ಕೆ ಯಾವತ್ತೂ ಬೇಕಾಗಲ್ಲ.

ದುಡ್ಡು ಬಂದಾಗ ಬ್ಯಾಂಕ್ "ಯಾತಕ್ಕೆ ಬಂತು?" ಅಂತ ಕೇಳುತ್ತೆ. 1999ರ ಫೆಮಾ ಕಾಯ್ದೆ ಪ್ರಕಾರ ಹೊರಗಿಂದ ಬರೋ ದುಡ್ಡಿಗೆಲ್ಲ ಕಾರಣ ಬೇಕು. ಆ ಕಾರಣಕ್ಕೊಂದು ಪರ್ಪಸ್ ಕೋಡ್. ವಸ್ತು ಕಳಿಸೋ ಮುಂಚೆ ಮುಂಗಡ ಬಂದರೆ ಪಿ0103. ಮನೆಖರ್ಚಿಗೆ ಅನಿವಾಸಿ ಭಾರತೀಯರು ಕಳಿಸೋದು ಪಿ1301. ನಮ್ಮ ಪ್ರಕಾರ ಗೊಂದಲ ಹುಟ್ಟೋದೇ ಇಲ್ಲಿ. ಕೊಳ್ಳುವವರು ನಮ್ಮ ಕಡೆಯವರೇ ಆಗಿದ್ದರೆ, ಊರಿನಲ್ಲಿರೋ ಅಪ್ಪ-ಅಮ್ಮನಿಗೆ ಕಳಿಸೋ ಆ್ಯಪ್‌ನಲ್ಲೇ ನಮಗೂ ಕಳಿಸಿಬಿಡ್ತಾರೆ. ದುಡ್ಡು ಬರುತ್ತೆ, ಆದರೆ ದಾಖಲೆಯಲ್ಲಿ ಅದು ಮನೆಖರ್ಚು. ಆಮೇಲೆ ಕಸ್ಟಮ್ಸ್‌ನಲ್ಲಿ ವಿಗ್ರಹ ರಫ್ತಾಯ್ತು ಅಂತ ಇರುತ್ತೆ, ಅದರ ದುಡ್ಡು ಬಂದ ಲೆಕ್ಕ ಮಾತ್ರ ಎಲ್ಲೂ ಸಿಗಲ್ಲ. "ಏನಪ್ಪ ಇದು?" ಅಂತ ಬ್ಯಾಂಕ್ ಕೇಳಿದರೆ ಓಡಾಡಬೇಕಾದವರು ಶಿಲ್ಪಿ. ಅದಕ್ಕೇ ವಸ್ತು ಕಳಿಸುವವರು ಇಂಪೋರ್ಟರ್ ಎಕ್ಸ್‌ಪೋರ್ಟರ್ ಕೋಡ್ ಮಾಡಿಸಿರಬೇಕು. ಡಿಜಿಎಫ್‌ಟಿಯಲ್ಲಿ ಆನ್‌ಲೈನ್ ಅರ್ಜಿ, ಶುಲ್ಕ 500 ರೂಪಾಯಿ, ಕೋಡ್ ನಮ್ಮ ಪ್ಯಾನ್ ನಂಬರೇ. ಅಕೌಂಟ್ ಕೂಡ ವ್ಯಾಪಾರದ ಹೆಸರಿನ ಕರೆಂಟ್ ಅಕೌಂಟ್ ಆದರೆ ಒಳ್ಳೇದು. ದುಡ್ಡು ಜಮಾ ಆದ ಮೇಲೆ ಬ್ಯಾಂಕಿನಿಂದ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್ ಕೇಳಿ ಇಟ್ಟುಕೊಳ್ಳಬೇಕು. ನಿಮ್ಮ ಹೆಸರಿನ ದುಡ್ಡಿಗೆ ಅದೇ ಜನನ ಪ್ರಮಾಣಪತ್ರ.

ವಿಗ್ರಹಕ್ಕೆ ಮಾತ್ರ ಇನ್ನೊಂದು ವಿಶೇಷ ಕಾಗದ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ಮೀರಿದ ಶಿಲ್ಪವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಹೋದ ತಿಂಗಳು ಕಡೆದ ಗಣಪತಿಯೂ ಎಕ್ಸ್‌ರೇಯಲ್ಲಿ ಹಳೇದೋ ಹೊಸದೋ ಗೊತ್ತಾಗಲ್ಲವಲ್ಲ! ಹಾಗಾಗಿ ಇದು ಪ್ರಾಚ್ಯವಸ್ತು ಅಲ್ಲ ಅಂತ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪ್ರಮಾಣಪತ್ರ ಕೇಳಬಹುದು. ಚೆನ್ನಾಗಿ ಕೆತ್ತಿದಷ್ಟೂ ಅನುಮಾನ ಜಾಸ್ತಿ.

ಇಷ್ಟೆಲ್ಲ ರಗಳೆ ಇದ್ದರೂ ದೊಡ್ಡ ಮೊತ್ತಕ್ಕೆ ಮಾರುವವರು ಬ್ಯಾಂಕ್ ಟ್ರಾನ್ಸ್‌ಫರ್ ಇಷ್ಟಪಡೋದಕ್ಕೆ ಕಾರಣ ಇದೆ. ಕಾರ್ಡಿನಲ್ಲಿ ಕೊಟ್ಟವರು "ವಸ್ತು ತಲುಪಲಿಲ್ಲ" ಅಂತ ತಿಂಗಳುಗಳಾದ ಮೇಲೂ ದೂರು ಕೊಟ್ಟು ದುಡ್ಡು ವಾಪಸ್ ಎಳೆಯಬಹುದು. ಸ್ವಿಫ್ಟ್‌ನಲ್ಲಿ ಒಂದು ಸಲ ಜಮಾ ಆದ ಮೇಲೆ ಹಾಗೆ ಎಳೆಯೋದು ಸುಲಭವಲ್ಲ. ಸಣ್ಣ ಮೊತ್ತಕ್ಕೆ ಪೇಪಾಲ್ ಇದೆ. 2021ರ ಏಪ್ರಿಲ್‌ನಿಂದ ಅದು ಭಾರತದ ಒಳಗಿನ ಪಾವತಿ ನಿಲ್ಲಿಸಿದೆ, ಹೊರಗಿಂದ ಬರೋದಕ್ಕೆ ನಡೆಯುತ್ತೆ. ಹೊರದೇಶದ ಪಾವತಿ ತರಿಸಿಕೊಡೋ ಪೇಮೆಂಟ್ ಕಂಪನಿಗಳಿಗೂ ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿದೆ. ಆ ನಿಯಮದಲ್ಲಿ ಒಂದು ವಸ್ತುವಿಗೆ 25 ಲಕ್ಷ ರೂಪಾಯಿವರೆಗೆ ಮಿತಿ ಇತ್ತು. ಕಂಪನಿಗೆ ಆರ್‌ಬಿಐ ಅನುಮತಿ ಇದೆಯಾ ಅಂತ ನೋಡಿಕೊಂಡು ಸೇರಿ.

ಇನ್ನು ಮೋಸದ ವಿಷಯ. ಕೊಳ್ಳುವವರು ಸ್ವಿಫ್ಟ್ ಕಾಪಿ ಅಂತ ಒಂದು ಪಿಡಿಎಫ್ ಕಳಿಸ್ತಾರೆ. ಪಿಡಿಎಫ್ ಯಾರು ಬೇಕಾದರೂ ಮಾಡಬಹುದು, ನಮ್ಮ ಲ್ಯಾಬ್ ರೆಕಾರ್ಡ್ ಮುಖಪುಟಕ್ಕಿಂತ ಬೇಗ. ಅಸಲಿ ಪಾವತಿಗೆ ಯುಇಟಿಆರ್ ಅಂತ 36 ಅಕ್ಷರದ ಗುರುತು ಇರುತ್ತೆ. ಅದನ್ನು ಕೇಳಿ ತಗೊಂಡು ನಮ್ಮ ಬ್ಯಾಂಕಿಗೆ ಕೊಟ್ಟರೆ ಎಲ್ಲಿದೆ ಅಂತ ಹುಡುಕಬಹುದು. "ದುಡ್ಡು ಹೋಲ್ಡ್‌ನಲ್ಲಿದೆ, ಕೊರಿಯರ್ ನಂಬರ್ ಹಾಕಿದ ತಕ್ಷಣ ಬಿಡುಗಡೆ" ಅಂತ ಬ್ಯಾಂಕ್ ಹೆಸರಿನಲ್ಲಿ ಮೇಲ್ ಬಂದರೆ ಅದು ಸುಳ್ಳು. 400ರ ಬದಲು 1,400 ಕಳಿಸಿದ್ದೀನಿ, ಮಿಕ್ಕ ಸಾವಿರ ನಮ್ಮ ಏಜೆಂಟಿಗೆ ಕೊಡಿ ಅನ್ನೋದೂ ಹಳೇ ಆಟ. ವಿಗ್ರಹ ಪ್ಯಾಕ್ ಆಗಬೇಕಾದ್ದು ನಮ್ಮ ಸ್ಟೇಟ್‌ಮೆಂಟ್‌ನಲ್ಲಿ ಜಮಾ ಕಂಡ ಮೇಲೆ.

ಮಾರೋದಕ್ಕೆ ಏನೂ ಇಲ್ಲದವರನ್ನೂ ಹುಡುಕಿಕೊಂಡು ಬರುವ ಮೆಸೇಜ್ ಒಂದಿದೆ. "ನಿಮ್ಮ ಅಕೌಂಟಿಗೆ ಹೊರದೇಶದ ಪೇಮೆಂಟ್ ಬರುತ್ತೆ, ಹತ್ತು ಪರ್ಸೆಂಟ್ ಇಟ್ಟುಕೊಂಡು ಉಳಿದದ್ದು ಕಳಿಸಿ." ಕಾಲೇಜು ಹುಡುಗರ ಅಕೌಂಟ್ ಅಂದರೆ ಇಂಥವರಿಗೆ ಬಲು ಇಷ್ಟ. ಆ ದುಡ್ಡು ಇನ್ಯಾರಿಂದಲೋ ಕದ್ದಿದ್ದು, ನಮ್ಮ ಅಕೌಂಟ್ ಅದನ್ನು ಹೊರೋ ಕತ್ತೆ. ಮ್ಯೂಲ್ ಅಕೌಂಟ್ ಅಂತಲೇ ಪೊಲೀಸರು ಕರೆಯೋದು. ಅಕೌಂಟ್ ಫ್ರೀಜ್ ಆದರೆ ಸ್ಕಾಲರ್‌ಶಿಪ್, ಫೀಸ್ ದುಡ್ಡು ಎಲ್ಲ ಒಳಗೇ ಸಿಕ್ಕಿಕೊಳ್ಳುತ್ತೆ, ಪೊಲೀಸ್ ನೋಟಿಸ್ ಊರಿನ ಮನೆ ವಿಳಾಸಕ್ಕೇ ಹೋಗಬಹುದು. ಅಂಥ ದುಡ್ಡು ಬಂದಿದ್ದರೆ ಮುಟ್ಟದೆ ಮೊದಲು ಬ್ಯಾಂಕಿಗೆ ಬರೆದು ಕೊಡಿ, 1930ಕ್ಕೆ ಫೋನ್ ಮಾಡಿ. ಕಳಿಸಿದವರು "ತಪ್ಪಿ ಬಂತು, ವಾಪಸ್ ಹಾಕಿ" ಅಂತ ಗೋಗರೆದರೂ, ವಾಪಸ್ ಹೋಗಬೇಕಾದ್ದು ಬ್ಯಾಂಕಿನ ಮೂಲಕ, ಬಂದ ದಾರಿಯಲ್ಲೇ.