ಅಟ್ಟದಿಂದಿಳಿದ ಚಕಮಕಿ ಕೋವಿ

ಮಹಾನವಮಿಯ ಆಯುಧಪೂಜೆಗೆ ಎರಡು ದಿನಗಳು ಉಳಿದಿರುವಾಗ, ಮಂಗಳೂರಿನ ಕುದ್ರೋಳಿಯಲ್ಲಿ ವಾಸವಾಗಿರುವ ನಮ್ಮ ಮಿತ್ರರೊಬ್ಬರ ಮನೆಗೆ ಹೋಗುವ ಪ್ರಸಂಗವು ನಮಗೆ ಒದಗಿತು. ಗೋಕರ್ಣನಾಥೇಶ್ವರ ದೇವಸ್ಥಾನದ ದಸರೆಯ ನಿಮಿತ್ತ ಬೀದಿಗಳೆಲ್ಲವೂ ದೀಪಗಳಿಂದ ಅಲಂಕೃತವಾಗಿದ್ದುವು. ಮನೆಯೊಳಗೆ ಪೂಜೆಯ ಸಿದ್ಧತೆಯು ಭರದಿಂದ ಸಾಗುತ್ತಿತ್ತು. ಮೆಟ್ಟುಕತ್ತಿ, ಹಾರೆ, ಗುದ್ದಲಿ, ಹೊಲಿಗೆಯ ಯಂತ್ರ ಮೊದಲಾದುವೆಲ್ಲ ಅಂಗಳದಲ್ಲಿ ಸ್ನಾನಕ್ಕೆ ಕಾದು ಕುಳಿತಿದ್ದುವು. ಜಗಲಿಯಲ್ಲಿ ಮಿತ್ರರ ಮಗನು, ಹದಿನಾರರ ಹುಡುಗ, ಅಟ್ಟದಿಂದ ಇಳಿಸಿದ ಹಳೆಯ ಚಕಮಕಿ ಕೋವಿಯೊಂದನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಹುಣಿಸೆಹುಳಿಯಿಂದಲೂ ಮರಳುಕಾಗದದಿಂದಲೂ ತಿಕ್ಕುತ್ತಿದ್ದನು. ಕೋವಿಯ ಬಾಯಿಯು ಬಾಗಿಲ ಕಡೆಗಿತ್ತು. ಬಾಗಿಲಲ್ಲಿ ಅವನ ಅಜ್ಜಿಯು ಕುಳಿತು ಸೇವಂತಿಗೆಯ ಮಾಲೆ ಕಟ್ಟುತ್ತಿದ್ದರು.

ಮೊದಲು ಅದರ ಬಾಯಿಯನ್ನು ಅಂಗಳದ ಬರಿಗೋಡೆಯ ಕಡೆಗೆ ತಿರುಗಿಸುವಂತೆ ನಾವು ಹೇಳಿದೆವು.

“ಒಳಗೇನೂ ಇಲ್ಲ ಮಾಮ, ದೊಡ್ಡಜ್ಜನ ಕಾಲದಿಂದ ಅಟ್ಟದಲ್ಲೇ ಇತ್ತು” ಎಂದು ಹುಡುಗನು ನಕ್ಕನು.

ನಮ್ಮ ಭಯಕ್ಕೆ ಅದೇ ಕಾರಣವಾಗಿತ್ತು. ಹಿಂದಿನವರು ಹಂದಿಯನ್ನೋ ಮಂಗನನ್ನೋ ಕಾಯಲು ಮದ್ದು ತುಂಬಿ, ಪ್ರಾಣಿಯು ಬಾರದೆ ಹೋದರೆ ಕೋವಿಯನ್ನು ಹಾಗೆಯೇ ತಂದು ಅಟ್ಟದಲ್ಲಿಡುವುದು ಸಾಮಾನ್ಯವಾಗಿತ್ತು. ಈ ಕೋವಿಗೆ ಹಿಂದಿನಿಂದ ತೋಟೆಯನ್ನು ಹಾಕುವುದಲ್ಲವಷ್ಟೆ. ಬಾಯಿಯಿಂದ ಮದ್ದನ್ನೂ, ಬಳಿಕ ನಾರನ್ನೂ, ಅದರ ಮೇಲೆ ಚರೆಯನ್ನೋ ಗುಂಡನ್ನೋ ಹಾಕಿ ಗಜದಿಂದ ಇಡಿದು ಕೂರಿಸಬೇಕು. ತುಂಬಿದ್ದನ್ನು ಹೊರತೆಗೆಯುವ ಸುಲಭವಾದ ಉಪಾಯವೆಂದರೆ ಹಾರಿಸುವುದೊಂದೇ. ಆದುದರಿಂದ ಎಷ್ಟೋ ಕೋವಿಗಳು ತುಂಬಿಕೊಂಡೇ ಮುದುಕಾಗಿವೆ.

ಪರೀಕ್ಷೆಯು ಬಹು ಸುಲಭವಾದುದು. ನಳಿಗೆಯ ಮುಂದೆ ನಿಲ್ಲದೆ ಮಗ್ಗುಲಿನಿಂದ ಗಜವನ್ನು ಮೆಲ್ಲನೆ, ತಳ ಮುಟ್ಟುವವರೆಗೆ ಇಳಿಬಿಡಬೇಕು, ಎಂದಿಗೂ ಕುಟ್ಟಬಾರದು. ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಹೊರತೆಗೆದು, ಅದೇ ಗುರುತನ್ನು ಬಾಯಿಗೆ ಹಿಡಿದು ನಳಿಗೆಯ ಹೊರಮೈಗೆ ಒರಗಿಸಬೇಕು. ನಳಿಗೆಯು ಖಾಲಿಯಾಗಿದ್ದರೆ ಗಜದ ತುದಿಯು ಬೆಂಕಿ ಒಳಹೋಗುವ ಸಣ್ಣ ತೂತಿನವರೆಗೆ ಬರುವುದು. ಎರಡು ಮೂರು ಬೆರಳು ಕಡಿಮೆಯಾದರೆ ಒಳಗೆ ಏನೋ ಇದೆಯೆಂದೇ ತಿಳಿಯತಕ್ಕದ್ದು. ಅಲ್ಲಿ ಇರುವುದು ಬರಿಯ ಕಸವೋ ಜೇಡರ ಗೂಡೋ ಆಗಿರಬಹುದು. ಆದರೆ ಹಾಗೆಂದು ಊಹಿಸುವ ಅಧಿಕಾರವು ಗೃಹಸ್ಥನಿಗಿಲ್ಲ.

ಅಂದು ಗಜವು ನಾಲ್ಕು ಬೆರಳು ಕಡಿಮೆಯಾಯಿತು. ಹುಡುಗನ ನಗೆಯು ಅಲ್ಲಿಗೆ ನಿಂತಿತು. ಕೋವಿಯನ್ನು ಹಾಗೆಯೇ ಒಂದು ಕೋಣೆಯಲ್ಲಿ ಮಲಗಿಸಿ ಬೀಗ ಹಾಕಿ, ಮರುದಿನ ಪರವಾನಿಗೆಯುಳ್ಳ ಕೋವಿ ದುರಸ್ತಿಯವರೊಬ್ಬರನ್ನು ಮನೆಗೆ ಕರೆತಂದೆವು. ಅವರು ಸಣ್ಣ ತೂತಿನಿಂದಲೂ ಬಾಯಿಯಿಂದಲೂ ನೀರನ್ನು ಇಳಿಸಿ ಒಂದು ರಾತ್ರಿ ನೆನೆಯಬಿಟ್ಟು, ಗಜದ ತುದಿಗೆ ತಿರುಪಿನ ಕೊಕ್ಕೆಯನ್ನು ಸಿಕ್ಕಿಸಿ, ಒಳಗಿನದನ್ನು ಸ್ವಲ್ಪಸ್ವಲ್ಪವಾಗಿ ಎಳೆದು ತೆಗೆದರು. ಮೊದಲು ತೆಂಗಿನ ನಾರಿನ ಉಂಡೆ, ಬಳಿಕ ಬಿಳಿಯ ಬೂಷ್ಟು ಹಿಡಿದ ಸೀಸದ ಚರೆ, ಪುನಃ ನಾರು, ಕಟ್ಟಕಡೆಗೆ ಕಪ್ಪು ಕೆಸರಾಗಿದ್ದ ಮದ್ದು. ಅಜ್ಜಿಯು ಅದನ್ನು ನೋಡಿ, “ಮದುವೆಯಾಗಿ ಬಂದಂದಿನಿಂದ ಇದರ ಕೆಳಗೇ ಮಲಗಿದ್ದೆನಲ್ಲ!” ಎಂದರು.

ಇಷ್ಟು ವರ್ಷಗಳಾದ ಮೇಲೆ ಮದ್ದಿನಲ್ಲಿ ಶಕ್ತಿ ಇರುವುದೆ ಎಂದು ವಾಚಕರು ಕೇಳಬಹುದು. ಇರುವುದು. ಕರಿಮದ್ದೆಂಬುದು ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕಗಳ ಮಿಶ್ರಣ. ಈ ಮೂರರಲ್ಲಿ ಯಾವುದೂ ಅನ್ನದಂತೆ ಹಳಸುವ ವಸ್ತುವಲ್ಲ. ಒಣಗಿಕೊಂಡಿದ್ದಷ್ಟು ಕಾಲವೂ, ತಲೆಮಾರುಗಳು ಕಳೆದರೂ, ಅದು ಒಂದು ಕಿಡಿಗಾಗಿ ಕಾದಿರುವುದು. ಚಕಮಕಿ ಕೋವಿಯಲ್ಲಾದರೋ ಕಿಡಿಯ ಯಂತ್ರವು ಮೈಯಲ್ಲಿಯೇ ಇದೆ. ಕುದುರೆಯ ಬಾಯಲ್ಲಿ ಕಚ್ಚಿರುವ ಚಕಮಕಿ ಕಲ್ಲು ಉಕ್ಕಿನ ಮುಚ್ಚಳವನ್ನು ಉಜ್ಜಿದೊಡನೆ ಕಿಡಿಗಳು ಕೆಳಗಿನ ಚಿಕ್ಕ ಬಟ್ಟಲಿಗೆ ಬೀಳುವುವು. ಬಟ್ಟಲಿನ ಮದ್ದು ಹೊತ್ತಿ, ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ಬೆಂಕಿಯು ಹಾಯುವುದು. ಮರಳುಕಾಗದ ಹಿಡಿದ ಹುಡುಗನ ಕೈ ಬಿಲ್ಲಿಗೆ ತಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನಾವು ಬರೆಯಲಾರೆವು.

ಇಂತಹ ಕೋವಿಗಳು ನಮ್ಮ ಜಿಲ್ಲೆಗೆ ಹೊಸವಲ್ಲ. ಕುದ್ರೋಳಿಗೆ ಹತ್ತಿರದ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ ನಿಂತಿರುವ ಸುಲ್ತಾನ್ ಬತ್ತೇರಿಯನ್ನು ವಾಚಕರು ನೋಡಿರಬಹುದು. 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಆ ಕರಿಕಲ್ಲಿನ ಕಾವಲು ಬುರುಜಿನ ಗೋಡೆಯಲ್ಲಿ ತೋಪು ಕೋವಿಗಳನ್ನು ಚಾಚಲು ಬಿಟ್ಟ ಕಂಡಿಗಳಿವೆ. ಅದರ ಹಿಂದಿನ ವರ್ಷ ಮಂಗಳೂರಿನ ಕೋಟೆಯಲ್ಲಿದ್ದ ಇಂಗ್ಲಿಷರನ್ನು ಟಿಪ್ಪುವಿನ ಸೈನ್ಯವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದಾಗ ಎರಡು ಪಕ್ಷದವರ ಕೈಯಲ್ಲಿಯೂ ಇದ್ದುದು ಚಕಮಕಿ ಕೋವಿಯೇ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ ಎಂಬವರು 1807ರಲ್ಲಿ ಬಡಿತದಿಂದ ಸಿಡಿಯುವ ಮದ್ದಿನ ಹಕ್ಕನ್ನು ಪಡೆದ ಬಳಿಕ ಕೇಪಿನ ಕೋವಿಯು ಕ್ರಮೇಣ ಬಳಕೆಗೆ ಬಂದು, ಚಕಮಕಿಯು ಹಿಂದೆ ಸರಿಯಿತು. ಹಳೆಯ ಚಕಮಕಿ ಕೋವಿಗಳಲ್ಲಿ ಅನೇಕವನ್ನು ಕೇಪಿಗೆ ಮಾರ್ಪಡಿಸಿದರು. ಮಾರ್ಪಾಡಾಗದೆ ಉಳಿದವು ಆ ಕಾರಣದಿಂದಲೇ ಅಪರೂಪವಾದುವು.

ಮರಳುಕಾಗದದ ವಿಷಯದಲ್ಲಿ ನಮ್ಮ ಕೋಪವೂ ಇದಕ್ಕಾಗಿಯೇ. ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಕೀಲಿನ ತಗಡಿನ ಮೇಲೆ ಹೃದಯಾಕಾರದ ಗುರುತು, ಆಮೇಲಿನವುಗಳಲ್ಲಿ ಸಿಂಹದ ಗುರುತು ಇರುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ತಯಾರಾದ ಕೋವಿಗಳ ಮೇಲೆ ಹುಲಿಪಟ್ಟೆಯ ಚಿತ್ತಾರವೂ, ಬಲದಿಂದ ಎಡಕ್ಕೆ ಓದಬೇಕಾದ ಮೌಲೂದಿ ಶಕದ ವರ್ಷಾಂಕವೂ ಕಾಣುತ್ತವೆ. ಕೂದಲೆಳೆಯಷ್ಟು ಆಳದ ಈ ಗುರುತುಗಳು ಒಂದು ಮಧ್ಯಾಹ್ನದ ಉಜ್ಜಾಟದಲ್ಲಿ ಹೋದರೆ ಪುನಃ ಬರುವಂತಿಲ್ಲ. ಕಬ್ಬಿಣದ ಮೇಲೆ ಗಟ್ಟಿಯಾಗಿ ಕುಳಿತ ನಸುಗಂದು ಬಣ್ಣವು ಕೊಳೆಯಲ್ಲ. ಅದನ್ನು ಹಾಗೆಯೇ ಬಿಡಬೇಕು. ಬೆರಳಿಗೆ ಪುಡಿಯಾಗಿ ಹತ್ತುವ ಕೆಂಪು ತುಕ್ಕನ್ನು ಮಾತ್ರ, ತೆಳುವಾದ ಯಂತ್ರದ ಎಣ್ಣೆಯಲ್ಲಿ ನೆನೆಸಿದ ಒರಟು ಬಟ್ಟೆಯಿಂದ ತಾಳ್ಮೆಯಿಂದ ಒರಸಿ ತೆಗೆಯತಕ್ಕದ್ದು. ಹುಣಿಸೆಹುಳಿ, ನಿಂಬೆ, ಬೂದಿಗಳು ಹಿತ್ತಾಳೆಯ ದೀಪಕ್ಕಿರಲಿ. ಹುಳಿಯು ಕಬ್ಬಿಣವನ್ನು ತಿನ್ನುವುದು. ಅಂದು ಹೊಳೆದದ್ದು ನಾಳೆ ಮೊದಲಿಗಿಂತ ಕೆಂಪಾಗುವುದು.

ಇನ್ನು ನಳಿಗೆಯ ಒಳಭಾಗ. ನಮ್ಮ ಜನರಲ್ಲಿ ನೀರೆಂದರೆ ಕೋವಿಗೆ ವಿಷವೆಂಬ ನಂಬಿಕೆ ಇದೆ. ಆದುದರಿಂದ ಎಣ್ಣೆಯ ಮೇಲೆ ಎಣ್ಣೆಯನ್ನು ಸುರಿಯುವರು. ಇದು ತಪ್ಪು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಮಿಕ್ಕಿದ ಭಾಗವು ಅನಿಲವಾಗದೆ ಉಪ್ಪಿನ ಜಾತಿಯ ಪುಡಿಯಾಗಿ ಉಳಿಯುತ್ತದೆ. ಹೊಗೆಯಾಗಿ ಹೋದದ್ದು ಹೋಗಿ, ಮಿಕ್ಕದ್ದು ನಳಿಗೆಗೆ ಅಂಟುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಡಲ ಗಾಳಿ ಬೀಸುವ ಮಂಗಳೂರಿನಂತಹ ಊರಿನಲ್ಲಿ ಆ ಉಪ್ಪು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ಒಳಗಿಂದಲೇ ಕೊರೆಯುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುವುದೆಂಬುದನ್ನು ಅಡಿಗೆಮನೆಯ ಅರಿವುಳ್ಳ ಯಾರೂ ಬಲ್ಲರು. ಕೊಳೆಯನ್ನು ತೊಳೆಯಲು ನೀರು, ತೊಳೆದುದನ್ನು ಕಾಯಲು ಎಣ್ಣೆ: ಈ ಕ್ರಮವನ್ನು ತಲೆಕೆಳಗು ಮಾಡಬಾರದು.

ತೊಳೆಯುವುದು ಹೀಗೆ. ಮೊದಲು ಕುದುರೆಯ ಬಾಯಿಂದ ಚಕಮಕಿ ಕಲ್ಲನ್ನು, ಅದರ ಚರ್ಮದ ತುಂಡಿನೊಡನೆ, ಬಿಚ್ಚಿ ತೆಗೆಯಿರಿ. ಸಣ್ಣ ತೂತಿಗೆ ಹಿಡಿಕಡ್ಡಿಯ ಚೂಪಾದ ತುಂಡನ್ನು ಸಿಕ್ಕಿಸಿ. ಮರಕ್ಕೆ ನೀರು ತಾಗದಂತೆ ಎಣ್ಣೆಬಟ್ಟೆಯನ್ನು ಸುತ್ತಿ, ಬಾಯಿಯ ಮೂಲಕ ಉಗುರುಬೆಚ್ಚಗಿನ ನೀರನ್ನು ತುಂಬಿ, ಕಾಲು ಗಂಟೆ ಬಿಟ್ಟು ಚೆಲ್ಲಿರಿ. ಮೊದಲ ನೀರು ಕಪ್ಪಾಗಿ, ಕೊಳೆತ ಮೊಟ್ಟೆಯಂತೆ ನಾರುವುದು. ಗಂಧಕದ ಗುಣವದು, ಹೆದರಬೇಕಾಗಿಲ್ಲ. ತಿಳಿನೀರು ಬರುವವರೆಗೆ ಹೀಗೆಯೇ ಮಾಡಿ, ಹಳೆಯ ಮಲ್ಲುಪಂಚೆಯ ತುಂಡುಗಳನ್ನು ಗಜಕ್ಕೆ ಸುತ್ತಿ ಒಂದಾದ ಮೇಲೊಂದರಂತೆ ಒಳಗೆ ಆಡಿಸಬೇಕು. ಕೊನೆಯ ನೀರು ಸ್ವಲ್ಪ ಬಿಸಿಯಾಗಿರಲಿ, ಲೋಹವು ತನ್ನಷ್ಟಕ್ಕೆ ಬೇಗ ಒಣಗುವುದು. ತುಂಡು ಬಟ್ಟೆಯು ಒಣದಾಗಿ, ಬೆಳ್ಳಗೆ ಹೊರಬಂದ ಮೇಲೆಯೇ ಎಣ್ಣೆ. ನಮ್ಮ ಕಡೆಯ ಹಳೆಯ ಕೋವಿಗಳಲ್ಲಿ ಹೆಚ್ಚಿನವುಗಳ ನಳಿಗೆಯು ಒಳಗೆ ನುಣುಪಾಗಿರುತ್ತದೆ. ಸುರುಳಿಯಾಗಿ ಗೀರು ಕೊರೆದ ರೈಫಲಿನ ಜಾತಿಯದಾದರೆ ಗೀರುಗಳಲ್ಲಿ ಕೊಳೆಯು ಅವಿತಿರುವುದರಿಂದ ಎರಡರಷ್ಟು ಬಟ್ಟೆಯೂ ತಾಳ್ಮೆಯೂ ಬೇಕು. ಗುಂಡು ಹಾರಿಸದೆ ಗೋಡೆಯಲ್ಲೇ ಇರುವ ಕೋವಿಯನ್ನು ಒಮ್ಮೆ ಚೆನ್ನಾಗಿ ತೊಳೆದ ಮೇಲೆ ಪ್ರತಿವರ್ಷ ನೀರು ಹಾಕುವ ಅಗತ್ಯವಿಲ್ಲ. ಒಣ ಬಟ್ಟೆ, ಬಳಿಕ ಎಣ್ಣೆಬಟ್ಟೆ, ಇಷ್ಟು ಸಾಕು.

ಎಣ್ಣೆಯೆಂದರೆ ಯಾವ ಎಣ್ಣೆ? ಮಿತ್ರರ ಮನೆಯಲ್ಲಿ ತೆಂಗಿನೆಣ್ಣೆಯ ಕುಪ್ಪಿಯೇ ಬಂತು. ನಾವು ಬೇಡವೆಂದೆವು. ತೆಂಗಿನೆಣ್ಣೆಯು ಕ್ರಮೇಣ ಮುಗ್ಗಿ ಹುಳಿಯಾಗುವುದು. ಎಳ್ಳೆಣ್ಣೆಯು ಅಂಟಾಗಿ ಕೀಲುಗಳನ್ನು ಹಿಡಿಯುವುದು. ಹೊಲಿಗೆಯ ಯಂತ್ರಕ್ಕೆ ಹಾಕುವ ಖನಿಜ ಎಣ್ಣೆಯೇ ಉತ್ತಮ, ಅದೂ ತೆಳುವಾಗಿ. ಅಗಸೆಯೆಣ್ಣೆಯನ್ನು ಮರಕ್ಕೆ ಮಾತ್ರ, ಅಂಗೈಯಿಂದ ತಿಕ್ಕಿ ಹಚ್ಚಬಹುದು. ಕೀಲಿನ ಯಂತ್ರವನ್ನು ಕಳಚಿ ನೋಡುವ ಆಸೆಯನ್ನು ಬಿಡಬೇಕು. ಒಳಗಿನ ದೊಡ್ಡ ಸ್ಪ್ರಿಂಗು ಮುರಿದರೆ ಅಂತಹುದನ್ನು ಮಾಡಿಕೊಡುವವರು ಸಿಗುವುದು ಕಷ್ಟ, ಹಾರಿದರೆ ಕಣ್ಣಿಗೆ ಅಪಾಯ. ಶಬ್ದವನ್ನು ಕೇಳುವ ಚಪಲಕ್ಕಾಗಿ ಕುದುರೆಯನ್ನು ಎಳೆದು ಬಿಡುವುದೂ ಬೇಡ. ಅದನ್ನು ಇಳಿಸಬೇಕಾದರೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಮೆಲ್ಲನೆ ಇಳಿಸಬೇಕು. ಎಷ್ಟೇ ಗಟ್ಟಿಯಾಗಿ ಕಂಡರೂ ಇಷ್ಟು ಹಳೆಯ ನಳಿಗೆಯಿಂದ ಗುಂಡು ಹಾರಿಸುವ ಸಾಹಸವಂತೂ ಕೂಡದು.

ಪೂಜೆಯ ಮಾತು ಬಂದಾಗ ಅಜ್ಜಿಗೂ ನಮಗೂ ಸಣ್ಣದೊಂದು ವಾದವಾಯಿತು. ಗಂಧ ಕುಂಕುಮಗಳನ್ನು ನಳಿಗೆಗೇ ಹಚ್ಚುವುದು ಆ ಮನೆಯ ಪದ್ಧತಿ. ಹಸಿ ಗಂಧದ ಬೊಟ್ಟು ಒಂದು ರಾತ್ರಿ ಕಬ್ಬಿಣದ ಮೇಲಿದ್ದರೆ ಅದರ ಅಡಿಯಲ್ಲಿ ಬೊಟ್ಟಿನಷ್ಟೇ ತುಕ್ಕಿನ ಕಲೆ ಉಳಿಯುವುದು. ಹಿಂದಿನ ಪೂಜೆಗಳ ಲೆಕ್ಕವನ್ನು ಅವರ ಕೋವಿಯ ಮೈಮೇಲೆಯೇ ಎಣಿಸಬಹುದಾಗಿತ್ತು. ಕೊಡವರು ಕೈಲುಪೊಳ್ದಿನಲ್ಲಿ ಕೋವಿಗೆ ತೋಕ್ ಪೂವನ್ನು ಸಿಕ್ಕಿಸಿ ಪೂಜಿಸುವುದನ್ನು ನಾವು ಅವರಿಗೆ ಹೇಳಿದೆವು. ಕೊನೆಗೆ ಬೊಟ್ಟು ಮರದ ಹಿಡಿಯ ಮೇಲೆ, ಮಾಲೆಯು ಕೋವಿಯನ್ನಿಟ್ಟ ಮಣೆಗೆ ಎಂದು ಒಪ್ಪಂದವಾಯಿತು. ಅಜ್ಜಿಯು ಒಪ್ಪಿದರೂ, ಪೂರ್ತಿ ಸಮಾಧಾನವಾಗಿರಲಿಲ್ಲವೆಂದೇ ನಮ್ಮ ಊಹೆ.

ಇಡುವ ಸ್ಥಳವೂ ಮುಖ್ಯವೆ. ಮಳೆಗಾಲದಲ್ಲಿ ಬೆವರುವ ಗೋಡೆಗೆ ಒರಗಿಸಬಾರದು. ಚರ್ಮದ ಚೀಲದಲ್ಲಿಯೋ ಉಣ್ಣೆಯ ಬಟ್ಟೆಯಲ್ಲಿಯೋ ಸುತ್ತಿಡಬಾರದು, ಅವು ತೇವವನ್ನು ಹೀರಿ ಕಬ್ಬಿಣಕ್ಕೆ ಉಣಿಸುವುವು. ಗಾಳಿಯಾಡುವ, ಬೀಗವಿರುವ ಮರದ ಪೆಟ್ಟಿಗೆಯೇ ಸರಿ. ಎಣ್ಣೆ ಹಾಕಿದ ಮೊದಲ ದಿನ ಬಾಯಿಯನ್ನು ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆಯು ಹಿಂದಿನ ಮರಕ್ಕೆ ಇಳಿಯದೆ ಹೊರಗೆ ಸುರಿದುಹೋಗುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಗಳಿಗೊಮ್ಮೆ ತೆರೆದು ನೋಡಿ ಒರಸಬೇಕು. ಬರಿಗೈಯಿಂದ ಮುಟ್ಟಿದ ಕಡೆಯನ್ನೂ ಒರಸಿಯೇ ಇಡಬೇಕು, ಬೆವರು ಸಹ ಉಪ್ಪೇ ಅಲ್ಲವೆ?

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುವೆವು. ಹಳೆಯದೆಂಬ ಮಾತ್ರಕ್ಕೆ ಕೋವಿಗೆ ವಿನಾಯಿತಿ ಇಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ, ದುರಸ್ತಿ ಮಾಡಿದರೂ ಹಾರಿಸಲಾಗದಷ್ಟು ಕೆಟ್ಟ ಹಳೆಯ ಕೋವಿಯು ಮಾತ್ರ ಹೊರತು. ಹಾರಬಲ್ಲುದಕ್ಕೆ ಪರವಾನಿಗೆ ಬೇಕು. ಪರವಾನಿಗೆದಾರರು ತೀರಿಕೊಂಡರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕತಕ್ಕದ್ದು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿದುದು, ನಮ್ಮ ಜಿಲ್ಲೆಯವರಿಗೆ ಅನ್ವಯಿಸುವುದಿಲ್ಲ. ನೂರು ವರ್ಷ ಮೀರಿದ ವಸ್ತುವು 1972ರ ಪುರಾತನ ವಸ್ತುಗಳ ಕಾಯಿದೆಗೂ ಒಳಪಡುವುದರಿಂದ ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.

ಚುನಾವಣೆಗಳ ಕಾಲದಲ್ಲಿ ಕೋವಿಯನ್ನು ಠಾಣೆಯಲ್ಲಿಯೋ ಪರವಾನಿಗೆಯುಳ್ಳ ಅಂಗಡಿಯಲ್ಲಿಯೋ ಒಪ್ಪಿಸಬೇಕಾಗಿ ಬರುವುದುಂಟು. ಮಿತ್ರರ ಕೋವಿಯು ಹಾಗೆ ಒಮ್ಮೆ ಎಪ್ರಿಲಿನಲ್ಲಿ ಹೋಗಿ ಜಡಿಮಳೆಯ ದಿನಗಳಲ್ಲಿ ಹಿಂತಿರುಗಿದಾಗ ನಳಿಗೆಯ ಬಾಯಿಯೆಲ್ಲ ಕೆಂಪಾಗಿತ್ತಂತೆ. ಎಷ್ಟೋ ಜನರ ಕೋವಿಗಳು ಒಂದೇ ಕೋಣೆಯಲ್ಲಿ ಒತ್ತಾಗಿ ನಿಂತಿರುವಾಗ ಅಲ್ಲಿ ಒರಸುವವರು ಯಾರು? ಆದುದರಿಂದ ಒಪ್ಪಿಸುವ ಹಿಂದಿನ ದಿನ ಎಣ್ಣೆಯನ್ನು ಎಂದಿಗಿಂತ ದಪ್ಪವಾಗಿ ಹಚ್ಚಿ, ಹೊರಮೈಗೆ ಜೇನುಮೇಣವನ್ನು ತಿಕ್ಕಿ, ಹತ್ತಿಯ ಬಟ್ಟೆಯನ್ನು ಸುತ್ತಿ, ಕೋವಿಯ ಅಂಕಿಯನ್ನೂ ಆಗಿನ ಸ್ಥಿತಿಯನ್ನೂ ಬರೆಸಿ ರಸೀದಿಯನ್ನು ಪಡೆಯಬೇಕು. ಮರಳಿ ಬಂದ ದಿನವೇ ಮೊದಲು ಗಜವನ್ನು ಇಳಿಸಿ ಅಳೆದು, ಆಮೇಲೆ ಎಣ್ಣೆಯನ್ನು ಒರಸಬೇಕು. ನಮ್ಮ ಮಿತ್ರರ ಗಜದ ಮೇಲೆ ಈಗ ಸೀಮೆಸುಣ್ಣದ ಗುರುತಿನ ಬದಲು ಹುಡುಗನು ಚಾಕುವಿನಿಂದ ಕೊರೆದ ಒಂದು ಸಣ್ಣ ಗೀರಿದೆ. ಖಾಲಿ ನಳಿಗೆಯಲ್ಲಿ ಆ ಗೀರು ಬಾಯಿಯ ಅಂಚಿಗೆ ಸರಿಯಾಗಿ ನಿಲ್ಲುತ್ತದೆ.