ಕಾರ್ಮಿಕ ಪರಿಹಾರ: ಇತ್ಯರ್ಥ ಸಭೆಯ ರದ್ದತಿಗೆ ನಿಯಮಗಳೇನು?

ಕೆಲಸದ ವೇಳೆ ಗಾಯಗೊಂಡ ಕಾರ್ಮಿಕನಿಗೂ ಮಾಲೀಕರ ವಿಮಾ ಸಂಸ್ಥೆಗೂ ಪರಿಹಾರದ ಬಗ್ಗೆ ವಿವಾದ ಉಂಟಾದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಪ್ರಕರಣವು ಸಾಮಾನ್ಯವಾಗಿ ನೇರ ವಿಚಾರಣೆಗೆ ಬರುವುದಿಲ್ಲ. ಅದಕ್ಕೆ ಮುನ್ನ ಕಾರ್ಮಿಕ ಪರಿಹಾರ ನ್ಯಾಯಾಧೀಶರ ಸಮ್ಮುಖದಲ್ಲಿ 'ಕಡ್ಡಾಯ ಇತ್ಯರ್ಥ ಸಭೆ' ನಡೆಯಬೇಕು. ಆ ರಾಜ್ಯದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಈ ಸಭೆಯನ್ನು ರದ್ದುಪಡಿಸುವುದು ಅಥವಾ ಮುಂದೂಡುವುದು ಅನೇಕರು ತಿಳಿದಷ್ಟು ಸುಲಭವಲ್ಲ.

ಉಭಯ ಪಕ್ಷಗಳಲ್ಲಿ ಯಾರಾದರೊಬ್ಬರು ತಾವು ಮುಂದುವರಿಯಲು ಸಿದ್ಧ ಎಂಬ ಘೋಷಣೆಯನ್ನು ಸಲ್ಲಿಸಿದಾಗ ಸಭೆಗೆ ದಿನಾಂಕ ನಿಗದಿಯಾಗುತ್ತದೆ. ಕಾನೂನಿನ ಪ್ರಕಾರ ಘೋಷಣೆ ಸಲ್ಲಿಕೆಯಾದ 10 ದಿನಗಳ ನಂತರ, 30 ದಿನಗಳೊಳಗೆ ಸಭೆ ನಡೆಯಬೇಕು. ಅಲ್ಲಿ ವಿವಾದ ಬಗೆಹರಿಯದಿದ್ದಲ್ಲಿ, ಘೋಷಣೆಯ ದಿನದಿಂದ 75 ದಿನಗಳೊಳಗೆ ವಿಚಾರಣೆ ನಡೆಯಬೇಕು.

ಆಕ್ಷೇಪಣೆಗೆ ಅವಧಿ

ಎದುರು ಪಕ್ಷದವರು ಇನ್ನೂ ಸಿದ್ಧರಿಲ್ಲದಿದ್ದರೆ ಘೋಷಣೆಯ ಪ್ರತಿ ಜಾರಿಯಾದ 10 ದಿನಗಳಲ್ಲಿ ಕಾರಣಸಹಿತ ಆಕ್ಷೇಪಣೆ ಸಲ್ಲಿಸಬೇಕು. ಪ್ರತಿ ಅಂಚೆಯಲ್ಲಿ ಬಂದಿದ್ದರೆ ಕೆಲವು ದಿನಗಳ ಹೆಚ್ಚುವರಿ ಅವಕಾಶವಿದೆ. ಮೌನವಾಗಿದ್ದವರು, ಅಸಾಧಾರಣ ಸಂದರ್ಭಗಳ ಹೊರತು, ಆಕ್ಷೇಪಿಸುವ ಹಕ್ಕನ್ನು ಬಿಟ್ಟುಕೊಟ್ಟಂತೆಯೇ ಸರಿ. ಆದರೆ ಆಕ್ಷೇಪಣೆ ಸಲ್ಲಿಸಿದ ಮಾತ್ರಕ್ಕೆ ಸಭೆ ತಾನಾಗಿಯೇ ರದ್ದಾಗುವುದಿಲ್ಲ.

ಸಮಂಜಸ ಕಾರಣ ಬೇಕು

ಮುಂದೂಡಿಕೆಗೆ ಪ್ರೋತ್ಸಾಹವಿಲ್ಲ ಎಂದು ಕಾರ್ಮಿಕ ಸಂಹಿತೆಯ 5502.5ನೇ ಕಲಮು ಸ್ಪಷ್ಟವಾಗಿಯೇ ಹೇಳುತ್ತದೆ. ಪ್ರಕರಣದ ಜಟಿಲತೆ, ಪಕ್ಷಗಳು ತೋರಿದ ಶ್ರದ್ಧೆ, ಮುಂದೂಡಿದರೆ ಅಥವಾ ನಿರಾಕರಿಸಿದರೆ ಯಾರಿಗೆ ಎಷ್ಟು ಹಾನಿ ಎಂಬ ಮೂರು ಅಂಶಗಳನ್ನು ನ್ಯಾಯಾಧೀಶರು ಪರಿಗಣಿಸಬೇಕು. ಇಬ್ಬರೂ ಒಪ್ಪಿದರು ಎಂಬುದಷ್ಟೇ ಸಾಲದು. ರಾಜಿಯಾದರೂ ಒಪ್ಪಂದಕ್ಕೆ ನ್ಯಾಯಾಧೀಶರ ಅನುಮೋದನೆ ಬೇಕು.

ಮುಂದೂಡುವುದಕ್ಕೂ ಪಟ್ಟಿಯಿಂದ ತೆಗೆಯುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಗಮನಿಸಬೇಕು. ಮುಂದೂಡಿದರೆ ಪ್ರಕರಣ ಪಟ್ಟಿಯಲ್ಲಿಯೇ ಉಳಿಯುತ್ತದೆ. ಪಟ್ಟಿಯಿಂದ ತೆಗೆದರೆ ಮತ್ತೆ ಸಿದ್ಧತೆಯ ಘೋಷಣೆ ಸಲ್ಲಿಸುವವರೆಗೆ ಪ್ರಕರಣ ನಿಂತಲ್ಲೇ ನಿಲ್ಲುತ್ತದೆ. ವೇತನವಿಲ್ಲದೆ ಮನೆಯಲ್ಲಿರುವ ಕಾರ್ಮಿಕನಿಗೆ ಈ ವಿಳಂಬವೇ ದೊಡ್ಡ ಪೆಟ್ಟು. ಪರಿಹಾರದ ನ್ಯಾಯವು ತ್ವರಿತವಾಗಿ, ಕಡಿಮೆ ವೆಚ್ಚದಲ್ಲಿ ದೊರೆಯಬೇಕೆಂದು ರಾಜ್ಯದ ಸಂವಿಧಾನವೇ ವಿಧಿಸಿರುವುದರಿಂದ ನಿಯಮಗಳು ಇಷ್ಟು ಬಿಗಿಯಾಗಿವೆ.

ಗೈರುಹಾಜರಾದರೆ

ಸಭೆ ರದ್ದಾಗಿದೆಯೆಂದು ಭಾವಿಸಿ ಗೈರುಹಾಜರಾಗುವುದು ಅಪಾಯಕರ. ಅರ್ಜಿದಾರ ಕಾರ್ಮಿಕನು ಬಾರದಿದ್ದಲ್ಲಿ ಅರ್ಜಿಯನ್ನು ವಜಾಗೊಳಿಸುವ ಉದ್ದೇಶದ ನೋಟೀಸು ಹೊರಡಬಹುದು. ಇಲ್ಲವೇ ಸಾಕ್ಷ್ಯ ಸಂಗ್ರಹವನ್ನು ಮುಕ್ತಾಯಗೊಳಿಸಿ ಪ್ರಕರಣವನ್ನು ವಿಚಾರಣೆಗೆ ಕಳುಹಿಸಬಹುದು. ವಿಮಾ ಸಂಸ್ಥೆ ಗೈರಾದರೂ ಪ್ರಕರಣ ಹಾಗೆಯೇ ವಿಚಾರಣೆಗೆ ಹೋಗಬಹುದು. ಹಾಜರಿದ್ದವರಿಗೂ ಸಭೆಯ ದಿನವೇ ಸಾಕ್ಷ್ಯ ಸಂಗ್ರಹದ ಗಡುವು. ಅಂದು ತಿಳಿಸದ ವೈದ್ಯಕೀಯ ವರದಿಯನ್ನು, ಮೊದಲೇ ದೊರೆಯುವುದು ಸಾಧ್ಯವಿರಲಿಲ್ಲವೆಂದು ತೋರಿಸದ ಹೊರತು, ನಂತರ ಪರಿಗಣಿಸಲಾಗದು.

ಆದ್ದರಿಂದ ದಿನಾಂಕ ಬದಲಾಗಬೇಕಿದ್ದಲ್ಲಿ ಕಾರಣ ತಿಳಿದ ಕೂಡಲೇ ದಾಖಲೆ ಸಹಿತ ಲಿಖಿತ ಮನವಿ ಸಲ್ಲಿಸಿ, ಅದರ ಪ್ರತಿಯನ್ನು ಎದುರು ಪಕ್ಷಕ್ಕೂ ಕಳುಹಿಸುವುದು ಒಳಿತು. ನ್ಯಾಯಾಧೀಶರ ಆದೇಶ ಕೈಸೇರುವವರೆಗೆ ಸಭೆ ಇದೆಯೆಂದೇ ತಿಳಿಯತಕ್ಕದ್ದು. ವಕೀಲರಿಲ್ಲದ ಕಾರ್ಮಿಕರಿಗೆ ರಾಜ್ಯದ ಕಾರ್ಮಿಕ ಪರಿಹಾರ ವಿಭಾಗದ ಮಾಹಿತಿ ಮತ್ತು ನೆರವು ಅಧಿಕಾರಿಗಳು ಉಚಿತವಾಗಿ ಮಾರ್ಗದರ್ಶನ ನೀಡುತ್ತಾರೆ.