ಹೋಳು ದೊಡ್ಡದಾದರೆ ಇಡಿಯೂ ದೊಡ್ಡದೇ?

ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ರೇಷ್ಮೆಗೂಡು ಕತ್ತರಿಸಿ ಒಳಗಿನ ಹುಳು ನೋಡುವವರಿಗೆ ಗೊತ್ತು: ಕೆಲವು ತಳಿಯ ಗೂಡಿಗೆ ಕಡಲೆಕಾಯಿಯಂತೆ ಸೊಂಟವಿರುತ್ತದೆ. ಅಲ್ಲಿ ಅಡ್ಡ ಕತ್ತರಿಸಿದರೆ ಕಾಣುವ ಬಿಲ್ಲೆ ಸಣ್ಣದು, ಗೂಡು ಮಾತ್ರ ದಪ್ಪ. ಒಂದು ಕೊಯ್ತ ನಂಬಿ ಗಾತ್ರ ಹೇಳಲಾಗದು. ಆದರೆ ಎಲ್ಲೂ ಒಳಕ್ಕೆ ತಗ್ಗದ, ನಡುಬಿಂದುವಿನಿಂದ ಎದುರುಬದುರು ಒಂದೇ ಸಮನಾದ ಎರಡು ವಸ್ತುಗಳಿವೆ ಎನ್ನೋಣ. ನಡುಬಿಂದುವಿನ ಮೂಲಕ ಯಾವ ದಿಕ್ಕಿಗೆ ಕೊಯ್ದರೂ ಮೊದಲನೆಯದರ ಮುಖವೇ ಸಣ್ಣದು. ಆಗ ಅದರ ಗಾತ್ರವೂ ಸಣ್ಣದೇ? 1956ರಲ್ಲಿ ಗಣಿತಜ್ಞರಾದ ಬುಸೆಮನ್ ಮತ್ತು ಪೆಟ್ಟಿ ಕೇಳಿದ್ದು ಇದನ್ನೇ.

ಹೋಳುಗಳನ್ನೆಲ್ಲ ಕೂಡಿದರೆ ಇಡಿ ತಾನೇ, ಇದರಲ್ಲೇನು ಒಗಟು ಎನ್ನಬಹುದು. ಬ್ರೆಡ್ಡಿನಂತೆ ಸಾಲಾಗಿ ಕೊಯ್ದ ಹೋಳುಗಳಿಗೆ ಆ ಮಾತು ಸರಿ. ಇಲ್ಲಿನ ಕೊಯ್ತಗಳೆಲ್ಲ ನಡುಬಿಂದುವನ್ನೇ ಹಾಯುತ್ತವೆ. ನಡುಭಾಗ ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ, ಅಂಚು ಅಪರೂಪಕ್ಕೆ. ಒಂದಂಗುಲದ ಬೆಲ್ಲದ ಘನವನ್ನು ಮುಖಕ್ಕೆ ಸಮನಾಗಿ ಕೊಯ್ದರೆ 1 ಚದರಂಗುಲ, ಅಂಚಿನಿಂದ ಎದುರಂಚಿಗೆ ಓರೆಯಾಗಿ ಕೊಯ್ದರೆ 1.414. ಅಷ್ಟೇ ಗಾತ್ರದ ಲಡ್ಡು ಯಾವ ದಿಕ್ಕಿಗೂ 1.21. ಒಮ್ಮೆ ಲಡ್ಡು ಗೆಲ್ಲುತ್ತದೆ, ಒಮ್ಮೆ ಬೆಲ್ಲ. ಮೂರು ಆಯಾಮದಲ್ಲಿ ಮೋಸವಿಲ್ಲ. ಆಯಾಮ ಎಷ್ಟಾದರೂ ಇಂಥ ಘನದ ನಡುಗೊಯ್ತ 1.414 ದಾಟದು ಎಂದು 1986ರಲ್ಲಿ ಕೀತ್ ಬಾಲ್ ಸಾಧಿಸಿದರು. ಲಡ್ಡುವಿನದು ಆಯಾಮದ ಜತೆ ಬೆಳೆಯುತ್ತಲೇ ಹೋಗುತ್ತದೆ: ಒಂಬತ್ತರಲ್ಲಿ 1.405, ಹತ್ತರಲ್ಲಿ 1.42. ಈ ಹತ್ತು ಆಯಾಮದ ಲಡ್ಡುವನ್ನು ಕೂದಲೆಳೆಯಷ್ಟು ಕುಗ್ಗಿಸಿ ನೋಡಿ. ಗಾತ್ರದಲ್ಲಿ ಅದೀಗ ಘನಕ್ಕಿಂತ ಕಿರಿದು, ಹೋಳು ಮಾತ್ರ ಪ್ರತಿ ದಿಕ್ಕಿನಲ್ಲೂ ಹಿರಿದು!

ಹತ್ತು ಆಯಾಮ ಯಾರ ಮನೆಯಲ್ಲಿದೆ ಎಂಬುದು ನ್ಯಾಯವಾದ ಆಕ್ಷೇಪ. ಗೂಡಿನ ಉದ್ದ, ತೂಕ, ಚಿಪ್ಪಿನ ಪಾಲು, ಎಳೆಯ ಉದ್ದ ಎಂದು ಹತ್ತು ಗುಣ ಅಳೆದರೆ ಪ್ರತಿ ಗೂಡೂ ಹತ್ತು ಆಯಾಮದ ಒಂದು ಚುಕ್ಕಿ. ಗುಣಕ್ಕೊಂದು ಮಿತಿ ಹಾಕಿದರೆ ಡಬ್ಬಿ, ಒಟ್ಟು ವ್ಯತ್ಯಾಸಕ್ಕೆ ಮಿತಿ ಹಾಕಿದರೆ ಗೋಳ. ಮುಂದೆ, ಹೋಳು ಸಣ್ಣದಾದರೆ ಇಡಿಯೂ ಸಣ್ಣದೆಂಬ ಊಹೆ ಐದು ಆಯಾಮದಿಂದಲೇ ಮುರಿಯುತ್ತದೆಂದು ತಿಳಿಯಿತು. ಮೂರರಲ್ಲಿ ಅದು ನಿಜವೆಂದು ಗಾರ್ಡ್ನರ್ 1994ರಲ್ಲಿ ತೋರಿಸಿದರು. ಅಷ್ಟು ಸಹಜವೆನಿಸುವುದಕ್ಕೆ 38 ವರ್ಷ ಬೇಕಾಯಿತು. ಜಗಳವಾದದ್ದು ನಾಲ್ಕರಲ್ಲಿ. ಅಲ್ಲೂ ಸುಳ್ಳೆಂದು 1994ರಲ್ಲಿ ಗಾವೊಯಾಂಗ್ ಜಾಂಗ್ ಪ್ರಕಟಿಸಿದ್ದರು. ಆ ಸಾಧನೆ ನಿಲ್ಲದೆಂಬುದು ಕೊಲ್ಡೋಬ್ಸ್ಕಿ ನಾಲ್ಕು ಆಯಾಮದ ಘನವನ್ನೇ ಪರೀಕ್ಷಿಸಿದಾಗ ಬಯಲಾಯಿತು. 1999ರಲ್ಲಿ ಜಾಂಗ್ ತಾವೇ ಉಲ್ಟಾ ಉತ್ತರ ಸಾಧಿಸಿದರು: ನಾಲ್ಕರಲ್ಲೂ ಹೋಳು ನಂಬಬಹುದು.